ಕಳಿಸದೆ ಅಳಿಸಿದ ಮಾತು

ಕೊನ್ಸು ಅರವತ್ತನಾಲ್ಕನೆಯ ವಯಸ್ಸಿನಲ್ಲಿ ಫೋನಿನಲ್ಲಿ ಬರೆಯಲು ಕಲಿತಳು. ಕಲಿಸಿದವಳು ಸೊಸೆ ಜೆನೊವೆವಾ, ಮನೆಯವರಿಗೆಲ್ಲ ಜೆನಿ. ಕಲಿಸಿದ್ದು ಒಂದು ಮಾವಿನ ಗಿಡಕ್ಕಾಗಿ. ಗೋವೆಯ ಚಿಂಚಿಣಿಯ ಅವರ ಮನೆಯ ಹಿತ್ತಲಲ್ಲಿದ್ದ ಮಾವಿನ ಮರ ಒಣಗಿಹೋಗಿತ್ತು. ಅಸೊಳ್ಣೆಯ ಲಿಬೋರಿಯೊ ಎಂಬವನು ಒಳ್ಳೆಯ ಕಸಿ ಗಿಡ ಕೊಡುತ್ತಾನೆಂದು ಯಾರೋ ನಂಬರ್ ಕೊಟ್ಟಿದ್ದರು. ಕೊನ್ಸುವಿನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು, ಅದರಲ್ಲಿ ಗಿಡದ ಫೋಟೊ ಬರುವುದಿಲ್ಲ. ಹಾಗಾಗಿ ಸೊಸೆಯ ಫೋನಿನಿಂದಲೇ ಮೊದಲ ಸಂದೇಶ ಹೋಯಿತು: ಗಿಡ ಎಷ್ಟು ಎತ್ತರ ಇದೆ?

ಗಿಡ ಬಂತು, ನೆಟ್ಟದ್ದೂ ಆಯಿತು. ಸಂದೇಶ ಮಾತ್ರ ನಿಲ್ಲಲಿಲ್ಲ.

ಲಿಬೋರಿಯೊ ಇಪ್ಪತ್ತೆಂಟು ವರ್ಷ ನದಿಯಲ್ಲಿ ಫೆರಿ ದೋಣಿ ನಡೆಸಿ ನಿವೃತ್ತನಾದವನು. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಕೊನ್ಸು ವಿಧವೆಯಾಗಿ ಹನ್ನೊಂದು. ದೋಣಿ ನಡೆಸಿದವನಾದ್ದರಿಂದ ಕೊನ್ಸು ಅವನನ್ನು ತಮಾಷೆಗೆ ‘ಪೈಲಟ್’ ಎಂದು ಕರೆಯತೊಡಗಿದಳು. ಜೆನಿ ಮಡಗಾಂವಿನಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಬೆಳಿಗ್ಗೆ ಹೋಗಿ ಮಧ್ಯಾಹ್ನ ಒಂದೂವರೆಗೆ ಮನೆ ಸೇರುತ್ತಿದ್ದಳು. ಅನ್ನ ಮೀನುಸಾರು ಉಂಡು ಅವಳು ಸ್ವಲ್ಪ ಅಡ್ಡಾದರೆ, ಎರಡರಿಂದ ಮೂರರವರೆಗೆ ಫೋನು ಅತ್ತೆಯದು. ಕೊನ್ಸು ಮುಂದಿನ ಜಗಲಿಯ ಕಲ್ಲು ಬೆಂಚಿನ ಮೇಲೆ ಕೂತು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಒಂದೇ ಬೆರಳಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದಳು. ಅರ್ಧ ಬರೆದು ಅಳಿಸುತ್ತಿದ್ದಳು. ಮತ್ತೆ ಬರೆಯುತ್ತಿದ್ದಳು. ಉತ್ತರ ಬಂದಾಗ ಸೊಸೆಯನ್ನು ಕೂಗಿ ಓದಿಸುತ್ತಿದ್ದಳು, ಬರೆದಷ್ಟು ಸಲೀಸಾಗಿ ಓದಲು ಆಗುವುದಿಲ್ಲ ಎನ್ನುವುದು ಅವಳ ನೆಪ.

“ತಲೆನೋವು ಹೇಗಿದೆ? ಬಿಸಿಲಲ್ಲಿ ಹಿತ್ತಲಿಗೆ ಇಳೀಬೇಡ. ಊಟ ಆಯ್ತಾ?” ಇಂಥವನ್ನು ಜೆನಿ ಓದಿ ಹೇಳುತ್ತಿದ್ದಳು. ಓದಿಯಾದ ಮೇಲೆ ಒಳಗೆ ಹೋಗಿ ಪಾತ್ರೆ ತೊಳೆಯುವಾಗ ಬೇಕಾದ್ದಕ್ಕಿಂತ ಹೆಚ್ಚು ಸದ್ದು ಮಾಡುತ್ತಿದ್ದಳು. ಅವಳ ಗಂಡ ಸಾಂತಾನ್ ಪ್ರವಾಸಿಗಳ ಹಡಗೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ. ಜನವರಿಯಲ್ಲಿ ಹೊರಟವನು ಬರುವುದು ಆಗಸ್ಟಿಗೆ. ಹೊರಡುವಾಗ ಹೆಂಡತಿಗೆ ಹೊಸ ಫೋನು ಕೊಟ್ಟು, ಎಲ್ಲ ನಾನೇ ಹಾಕಿಟ್ಟಿದ್ದೇನೆ, ನೀನೇನೂ ಮುಟ್ಟಬೇಡ ಎಂದಿದ್ದ. ಅವನ ಸಂದೇಶಗಳು ಬೇರೆ ತರಹ: ಸಿಲಿಂಡರ್ ಬಂತಾ? ಲವಿನಾ ಟ್ಯೂಷನ್‌ಗೆ ಹೋದಳಾ? ಪಂಪು ರಿಪೇರಿಯಾಯ್ತಾ? ಹಡಗಿನಲ್ಲಿ ಇಂಟರ್ನೆಟ್ ದುಬಾರಿ, ಮಾತು ಭಾನುವಾರ ಮಾತ್ರ ಎಂದು ಅವನು ಮೊದಲೇ ಹೇಳಿದ್ದ. ಅತ್ತೆಗೆ ದಿನಾ ಬರುತ್ತದೆ, ನನಗೆ ವಾರಕ್ಕೊಮ್ಮೆ ಸಿಲಿಂಡರ್ ಬರುತ್ತದೆ ಎಂದು ಜೆನಿಗೆ ಅನ್ನಿಸುತ್ತಿತ್ತು. ಯಾರ ಹತ್ತಿರ ಹೇಳಿಕೊಳ್ಳುವುದು?

ಈಸ್ಟರ್ ಮುಗಿದ ವಾರ ಸಾಂತಾನ್ ಕರೆಯಲ್ಲಿ ನೀಲಿ ಬಟ್ಟೆಯ ಮಾತೆತ್ತಿದ. ಹಬ್ಬಕ್ಕೆ ನೀಲಿ ಉಡುಪು ಹೊಲಿಸಿಕೊಂಡೆಯಂತೆ, ಯಾರಿಗೆ ತೋರಿಸಲು ಎಂದು ಕೇಳಿದ. ಹೊಲಿಸಿಕೊಂಡದ್ದು ನಾನಲ್ಲ, ಮಾಂಯ್, ನಿನ್ನ ತಾಯಿ ಎಂದಳು ಜೆನಿ. ಅದು ನಿಜವೂ ಆಗಿತ್ತು.

“ಮಾಂಯ್ ಮೇಲೆ ಹಾಕ್ಬೇಡ. ಪಾಯ್ ಸತ್ತಾಗಿಂದ ಮಾಂಯ್ ಕಪ್ಪು ಬಿಟ್ಟು ಬೇರೆ ಉಟ್ಟಿಲ್ಲ,” ಎಂದ ಅವನು. ಪಾಯ್ ಎಂದರೆ ಅವನ ತಂದೆ.

ಕೊನ್ಸು ಆ ನೀಲಿ ಬಟ್ಟೆಯನ್ನು ಇನ್ನೂ ತೊಟ್ಟಿರಲಿಲ್ಲ; ಅದರ ಸುದ್ದಿ ಮನೆಯಲ್ಲಿದ್ದ ಮೂವರಿಗೆ ಮತ್ತು ದರ್ಜಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ ಎಂದು ಜೆನಿ ತಿಳಿದಿದ್ದಳು. ಹತ್ತನೆಯ ತರಗತಿ ಪರೀಕ್ಷೆ ಬರೆದು ಮನೆಯಲ್ಲಿದ್ದ ಮಗಳು ಲವಿನಾಳೇ ಅಪ್ಪನಿಗೆ ಚಾಡಿ ಹೇಳುತ್ತಿದ್ದಾಳೆಂದು ಜೆನಿ ತೀರ್ಮಾನಿಸಿದಳು. ಬಂಗುಡೆ ಹುರಿಯುತ್ತಿದ್ದ ಸೌಟು ಕೈಯಲ್ಲೇ ಇತ್ತು, ಅದನ್ನು ಹಿಡಿದುಕೊಂಡೇ ಬೈದಳು. ಲವಿನಾ ತಾನು ಅಪ್ಪನಿಗೆ ಬರೆದು ಹದಿನೈದು ದಿನವಾಯಿತೆಂದು ಆಣೆ ಹಾಕಿದಳು. ತನ್ನ ಫೋನನ್ನು ತಾಯಿಯ ಮುಂದೆ ಇಟ್ಟು, ಉಣ್ಣದೆ ಎದ್ದುಹೋದಳು. ಮೊಮ್ಮಗಳ ಪರವಾಗಿ ಕೊನ್ಸು ಸೊಸೆಯ ಮೇಲೆ ಮುನಿದಳು. ಮಗುವಿಗೆ ಬೈದದ್ದಕ್ಕಿಂತ ಹೆಚ್ಚಾಗಿ, ಆ ದಿನ ಜೆನಿ ಫೋನು ಕೊಡಲಿಲ್ಲವಲ್ಲ ಎಂಬ ಮುನಿಸು ಅದು. ಫೋನು ಸುಮ್ಮನೆ ಇಟ್ಟಲ್ಲೇ ಬಿಸಿಯಾಗುತ್ತಿತ್ತು, ಮಧ್ಯಾಹ್ನದ ಹೊತ್ತಿಗೇ ಚಾರ್ಜು ಮುಗಿಯುತ್ತಿತ್ತು. ನಿಮ್ಮ ಮಾತುಕತೆಯಿಂದಲೇ ಎಂದು ಜೆನಿ ಅದನ್ನೂ ಅತ್ತೆಯ ತಲೆಗೆ ಕಟ್ಟಿದಳು.

ಅದಾಗಿ ಒಂದು ವಾರಕ್ಕೆ, ಒಂದು ಗುರುವಾರ, ಕ್ಲಿನಿಕ್ಕಿನಿಂದ ಬಂದು ಬೆವರು ಒರೆಸಿಕೊಳ್ಳುತ್ತಿದ್ದ ಜೆನಿಗೆ ಗಂಡನ ಸಂದೇಶ ಬಂತು. ಸಿಲಿಂಡರ್ ಬಂತಾ ಎಂದೇ. ಅವಳು ಉತ್ತರ ಬರೆಯಲು ತೊಡಗಿದಳು: ‘ನಿನಗೆ ನನಗಿಂತ ಸಿಲಿಂಡರ್ ಮೇಲೆ ಪ್ರೀತಿ. ಈ ಮನೆಯಲ್ಲಿ ಮುದುಕಿಗೂ ಊಟ ಆಯ್ತಾ ಅಂತ ಕೇಳೋರಿದ್ದಾರೆ, ನನಗೆ ಇಲ್ಲ.’ ಬರೆದು, ಎರಡು ಸಲ ಓದಿ, ಅಷ್ಟನ್ನೂ ಅಳಿಸಿದಳು. ‘ಬಂತು’ ಎಂದಷ್ಟೇ ಕಳಿಸಿದಳು.

ಭಾನುವಾರ ಸಾಂತಾನ್ ಮಾತಾಡುವಾಗ ಅವನ ದನಿ ಬೇರೆಯಾಗಿತ್ತು. ಪಂಪಿನ ವಿಷಯ ಕೇಳಿದ, ಮಗಳ ವಿಷಯ ಕೇಳಿದ. ಕೊನೆಗೆ ಹೇಳಿದ:

“ನಿನಗೆ ಊಟ ಆಯ್ತಾ ಅಂತ ಕೇಳೋರಿಲ್ಲ ಅಲ್ವಾ? ಯಾಕೆ, ಪೈಲಟ್ ಕೇಳಲ್ವಾ?”

 ಪೈಲಟ್ ಎಂಬ ಮಾತಿಗಿಂತ ಮೊದಲಿನ ಮಾತು ಜೆನಿಯನ್ನು ಹಿಡಿದು ನಿಲ್ಲಿಸಿತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಬರೆದಿದ್ದಳು, ನಿಜ. ಆದರೆ ಕಳಿಸಿರಲಿಲ್ಲ.

ಪೈಲಟ್ ಎಂದು ಸಾಂತಾನ್ ಯಾರನ್ನು ಅಂದುಕೊಂಡಿದ್ದಾನೆಂದು ಅವಳಿಗೆ ಮರುದಿನ ಗೊತ್ತಾಯಿತು. ಬಾಡಿಗೆಗೆ ಬೈಕಿನಲ್ಲಿ ಜನರನ್ನು ಬಿಡುವವರನ್ನು ಗೋವೆಯಲ್ಲಿ ಪೈಲಟ್ ಎಂದೇ ಕರೆಯುವುದು. ನಾಲ್ಕು ವರ್ಷದಿಂದ ಜೆನಿಯನ್ನು ಮನೆಯಿಂದ ಬಸ್ ನಿಲ್ದಾಣಕ್ಕೆ ಬಿಡುತ್ತಿದ್ದವನು ಮಿನೀನ್ ಎಂಬ ಮಧ್ಯವಯಸ್ಸಿನವನು. ಸೋಮವಾರ ಅವನು ಬೈಕು ನಿಲ್ಲಿಸದೆ ಮುಂದೆ ಹೋಗಿ, ಏನನ್ನಿಸಿತೋ, ತಿರುಗಿ ಬಂದ. ಎಂಜಿನ್ ಆರಿಸಲಿಲ್ಲ. ಸಾಂತಾನ್ ತನಗೆ ಕಳಿಸಿದ ಸಂದೇಶವನ್ನು ತೋರಿಸಿದ. ನನ್ನ ಹೆಂಡತಿ ನಿನ್ನ ಗಾಡಿ ಹತ್ತಿದರೆ ಬಂದಾಗ ಕಾಲು ಮುರಿಯುತ್ತೇನೆ ಎಂದಿತ್ತು ಅದರಲ್ಲಿ.

“ಜೆನಿಬಾಯಿ, ನಾನು ನಿನ್ನ ಜೊತೆ ಮಳೆ ಬಿಸಿಲು ಬಿಟ್ಟು ಏನಾದ್ರೂ ಮಾತಾಡಿದ್ದೀನಾ?” ಎಂದು ಕೇಳಿದ ಮಿನೀನ್. “ನನ್ನ ಹೆಂಡ್ತಿ ಇದನ್ನ ನೋಡಿದ್ದಾಳೆ. ಇನ್ನು ಮೇಲೆ ನೀನು ಬೇರೆ ಯಾರನ್ನಾದ್ರೂ ನೋಡ್ಕೋ.”

ಜೆನಿ ಏಪ್ರಿಲ್ ಬಿಸಿಲಿನಲ್ಲಿ ನಡೆದೇ ಹೋದಳು. ದಾರಿಯುದ್ದಕ್ಕೂ ಲೆಕ್ಕಾಚಾರ ಹಾಕಿದಳು. ಪೈಲಟ್ ಎಂಬ ಹೆಸರು ಅತ್ತೆಯ ಸಂದೇಶಗಳಲ್ಲಿ ಬಿಟ್ಟರೆ ಎಲ್ಲೂ ಇರಲಿಲ್ಲ. ನೀಲಿ ಬಟ್ಟೆಯ ವಿಷಯವೂ ಅತ್ತೆ ಲಿಬೋರಿಯೊನಿಗೆ ಬರೆದದ್ದೇ. ತಾನು ಅಳಿಸಿದ್ದೂ ಅದೇ ಫೋನಿನಲ್ಲಿ. ಯಾರ ಬಾಯಿಯೂ ಅಲ್ಲ, ಫೋನೇ ಹೇಳುತ್ತಿದೆ ಎನ್ನುವುದು ಬಸ್ಸು ಹತ್ತುವಷ್ಟರಲ್ಲಿ ಅವಳಿಗೆ ಖಾತ್ರಿಯಾಗಿತ್ತು.

ಮನೆಗೆ ಬಂದವಳೇ ಮಗಳ ಹತ್ತಿರ ತಪ್ಪಾಯಿತು ಎಂದಳು. ಲವಿನಾ ಮೊದಲು ಮುಖ ತಿರುಗಿಸಿದಳು. ವಿಷಯ ಕೇಳಿದ ಮೇಲೆ ಮಾತ್ರ ಹತ್ತಿರ ಬಂದು ಕೂತಳು. ಪರೀಕ್ಷಿಸಿ ನೋಡುವ ಉಪಾಯ ತೋಚಿದ್ದು ಜೆನಿಗೇ. ತನ್ನದೇ ಹಳೆಯ ನಂಬರಿಗೆ ಬರೆಯುವಂತೆ ತೆರೆದು, ‘ಶನಿವಾರ ನಾಲ್ಕು ಗಂಟೆಗೆ ಬೆತೂಲ್ ಸೇತುವೆ ಹತ್ತಿರ ಕಾಯ್ತೀನಿ’ ಎಂದು ಒತ್ತಿದಳು. ಕಳಿಸಲಿಲ್ಲ. ಒಂದೊಂದೇ ಅಕ್ಷರ ಅಳಿಸಿದಳು.

ಶನಿವಾರ ನಾಲ್ಕಕ್ಕೆ ಐದು ನಿಮಿಷವಿತ್ತು. ಮಳೆಗಾಲಕ್ಕೆಂದು ಮಾವಿನಕಾಯಿ ಉಪ್ಪಿಗೆ ಹಾಕುವ ಕೆಲಸ. ಅಡುಗೆಮನೆಯ ನೆಲದ ಮೇಲೆ ಮೂವರೂ ಕೂತಿದ್ದರು. ಕೊನ್ಸು ಕಾಯಿ ಸೀಳುತ್ತಿದ್ದಳು, ಲವಿನಾ ಒರೆಸುತ್ತಿದ್ದಳು, ಜೆನಿ ಕಲ್ಲುಪ್ಪು ತುಂಬುತ್ತಿದ್ದಳು. ಫೋನು ರಿಂಗಾಯಿತು. ಭಾನುವಾರ ಬಿಟ್ಟು ಬೇರೆ ದಿನ ಕರೆಯದ ಸಾಂತಾನ್, ಅದೂ ಮುಖ ಕಾಣುವ ಕರೆ.

“ಎಲ್ಲಿದ್ದೀಯಾ?”

“ಮನೇಲಿ.”

“ತೋರ್ಸು.”

ಜೆನಿ ಫೋನು ತಿರುಗಿಸಿ ತೋರಿಸಿದಳು. ಉಪ್ಪಿನ ಭರಣಿ, ಮಗಳು, ಕತ್ತಿ ಹಿಡಿದು ಕೂತ ಅತ್ತೆ. ಅವನು ಸುಮ್ಮನೆ ಕರೆದೆ, ತಾಯಿಯನ್ನು ನೋಡಬೇಕೆನಿಸಿತು ಎಂದು ಏನೋ ಹೇಳಿ ಇಟ್ಟ. ನಾಲ್ಕೂವರೆಗೆ ಮತ್ತೊಮ್ಮೆ ಕರೆದ. ಐದಕ್ಕೆ ಮತ್ತೊಮ್ಮೆ. ಕೊನ್ಸುವಿಗೆ ಒಳಗಿನ ಸಂಗತಿ ಗೊತ್ತಿರಲಿಲ್ಲ. ಮಗನಿಗೆ ಇವತ್ತು ಮನೆಯ ಮೇಲೆ ಎಷ್ಟು ಪ್ರೀತಿ ಬಂದಿದೆ ಎಂದು ಹಿಗ್ಗಿದಳು.

ಸೋಮವಾರ ಕ್ಲಿನಿಕ್ಕು ಮುಗಿಸಿ ಜೆನಿ ಮಡಗಾಂವಿನ ಪೇಟೆಯಲ್ಲಿ ಫೋನು ರಿಪೇರಿ ಮಾಡುವ ಕಾಮತರ ಅಂಗಡಿಗೆ ಹೋದಳು. ಐವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಅವರು ಫೋನಿನ ಒಳಗೆ ಒಂದೊಂದೇ ಪುಟ ತೆರೆದು ಹೋದರು. ಒಂದು ಕಡೆ ನಿಂತು, ಕೀಬೋರ್ಡ್ ಎರಡಿದೆಯಲ್ಲ, ಎರಡನೆಯದು ನೀವು ಹಾಕಿಸಿದ್ದಾ ಎಂದು ಕೇಳಿದರು. ಇಲ್ಲ ಎಂದಳು. ಕಣ್ಣು ಕಾಣದವರಿಗೆ ಪರದೆಯ ಮೇಲಿನದನ್ನು ಓದಿಹೇಳಲು ಇರುವ ಸವಲತ್ತೊಂದನ್ನು ಯಾವುದೋ ‘ಬ್ಯಾಟರಿ ಆರೈಕೆ’ ಎಂಬ ಆ್ಯಪ್ ತನ್ನ ಕೈಗೆ ತೆಗೆದುಕೊಂಡಿತ್ತು. ಹಗಲಿಡೀ ಏನನ್ನೋ ಹೊರಗೆ ಕಳಿಸುತ್ತಲೂ ಇತ್ತು. ಕಾಮತರು ಕನ್ನಡಕ ತೆಗೆದರು.

“ಯಾರು ಕೊಟ್ಟದ್ದು ಫೋನು?”

“ಗಂಡ.”

ಅವರು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ, ಹೆಂಗಸರು ತರುವ ಫೋನಿನಲ್ಲಿ ಇದನ್ನು ನೋಡುತ್ತಿರುವುದು ಇದೇ ಮೊದಲಲ್ಲ ಎಂದರು. ನಮ್ಮ ಸಂದೇಶಕ್ಕೆ ಬೀಗ ಇದೆ, ಮಧ್ಯದಲ್ಲಿ ಯಾರೂ ಓದಲಾಗದು ಎನ್ನುತ್ತಾರಲ್ಲ ಎಂದು ಜೆನಿ ಕೇಳಿದಳು.

“ಬೀಗ ಇದೆಯಮ್ಮಾ, ಸುಳ್ಳಲ್ಲ. ಆದ್ರೆ ಇದು ಬೀಗ ಹಾಕೋಕೆ ಮುಂಚೆ ನಿಮ್ಮ ಬೆರಳನ್ನೇ ನೋಡ್ತಾ ಕೂತಿದೆ. ಎದುರಿನವರು ಏನು ಬರೆದ್ರು ಅಂತ ಇದಕ್ಕೆ ಗೊತ್ತಾಗಲ್ಲ. ನಿಮ್ಮ ಕಡೆಯಿಂದ ಒತ್ತಿದ್ದಷ್ಟೂ ಗೊತ್ತಾಗುತ್ತೆ, ಅಳಿಸಿದ್ದೂ ಸೇರಿ. ಯಾರ ಬೆರಳು ಒತ್ತಿತು ಅನ್ನೋದು ಮಾತ್ರ ಗೊತ್ತಾಗಲ್ಲ.”

ಇದು ಗಂಡನಿಗೆ ಮಾತ್ರ ಹೋಗುತ್ತದೆ ಎಂದುಕೊಳ್ಳಬೇಡಿ, ಇದನ್ನು ಮಾರಿದವನ ಹತ್ತಿರವೂ ಎಲ್ಲ ಇರುತ್ತದೆ ಎಂದೂ ಎಚ್ಚರಿಸಿದರು. ಈಗಲೇ ಕಿತ್ತರೆ ಆ ಕಡೆಯವನಿಗೆ ತಿಳಿಯುತ್ತದೆ. ಏನು ಮಾಡಬೇಕೆಂದು ಮೊದಲು ಮನಸ್ಸು ಗಟ್ಟಿ ಮಾಡಿಕೊಳ್ಳಿ, ಅಲ್ಲಿಯವರೆಗೆ ಇದರಲ್ಲಿ ಏನೂ ಬರೆಯಬೇಡಿ. ಪಾಸ್‌ವರ್ಡುಗಳನ್ನೆಲ್ಲ ಬೇರೆ ಕಡೆಯಿಂದ ಬದಲಿಸಿ. ಪೊಲೀಸರ ಹತ್ತಿರ ಹೋಗುವುದಾದರೆ ಸಾಕ್ಷಿ ಬೇಕು. ಹೀಗೆ ಹೇಳಿ ತಮ್ಮ ಫೋನಿನಿಂದ ಅವಳ ಫೋನಿನ ಪರದೆಯ ಚಿತ್ರ ತೆಗೆದು, ಅಚ್ಚು ಹಾಕಿಸಿ ಕೊಟ್ಟರು. ಕ್ಲಿನಿಕ್ಕಿನ ಕಂಪ್ಯೂಟರಿನಿಂದ ಜೆನಿ ಮರುದಿನವೇ ಪಾಸ್‌ವರ್ಡುಗಳನ್ನು ಬದಲಿಸಿದಳು, ಬ್ಯಾಂಕಿಗೆ ಖುದ್ದಾಗಿ ಹೋಗಿ ಬಂದಳು. ಫೋನನ್ನು ಕಪಾಟಿನಲ್ಲಿಟ್ಟಳು.

ಎರಡು ಗಂಟೆಗೆ ಕೈ ಚಾಚಿದ ಅತ್ತೆಗೆ ಇನ್ನು ಹೇಳದೆ ವಿಧಿಯಿರಲಿಲ್ಲ. ಕೊನ್ಸು ಒಣ ಸೀಗಡಿಯ ತಲೆ ಮುರಿಯುತ್ತಾ ಕೇಳಿದಳು. ಕೈ ಮೆಲ್ಲಗೆ ನಿಂತಿತು.

“ಅವನು ಎಲ್ಲ ಓದಿದ್ದಾನಾ?”

“ನೀವು ಒತ್ತಿದ್ದೆಲ್ಲ.”

“ಅಳಿಸಿದ್ದು?”

“ಅದೂ.”

ಕೊನ್ಸುವಿನ ಮುಖ ಕೆಂಪಾಗಿ, ಮತ್ತೆ ಬಿಳಿಚಿತು. ಬರೆಯುತ್ತಿದ್ದವಳು ನಾನೆಂದು ಅವನಿಗೆ ಗೊತ್ತೇ ಎಂದು ಕೇಳಿದಳು. ಇಲ್ಲ, ನಾನೇ ಎಂದುಕೊಂಡಿದ್ದಾನೆ, ಮಿನೀನ್ ಹಿಂದೆ ಬಿದ್ದಿದ್ದಾನೆ ಎಂದಳು ಜೆನಿ. ಅದನ್ನು ಕೇಳಿ ಅತ್ತೆಯ ಮುಖ ಸಡಿಲವಾಯಿತು. ಜೆನಿಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಆ ಸಮಾಧಾನವನ್ನು ಕಂಡು.

“ಹಾಗಿದ್ರೆ ಹಾಗೇ ಇರ್ಲಿ ಬಿಡು ಜೆನಿ,” ಎಂದಳು ಕೊನ್ಸು. “ನೀವು ಗಂಡ ಹೆಂಡ್ತಿ. ಇವತ್ತು ಕಿತ್ತಾಡ್ತೀರ, ನಾಳೆ ಸರಿಹೋಗ್ತೀರ. ನಾನು ಹೆತ್ತವಳು. ಇದು ಗೊತ್ತಾದ್ರೆ ಅವನ ಮುಖ ಹೇಗೆ ನೋಡ್ಲಿ?”

“ನಿಮ್ಮ ಸುಖಕ್ಕೆ ನನ್ನ ಫೋನು ಬೇಕು, ನಿಮ್ಮ ಮಾನ ಉಳಿಸೋಕೆ ನನ್ನ ಮಾನ ಬೇಕು. ಚೆನ್ನಾಗಿದೆ ಮಾಂಯ್.”

“ನಿನಗೆ ಮೊದಲಿಂದ ಹೊಟ್ಟೆಕಿಚ್ಚು. ಓದಿ ಹೇಳುವಾಗ ನಿನ್ನ ದನಿ ನನಗೆ ಕೇಳಿಲ್ವಾ? ಪಾತ್ರೆ ಕುಕ್ಕೋದು ಕೇಳಿಲ್ವಾ?”

ಜೆನಿ ಎದ್ದಳು. ಸೀಗಡಿಯ ಮೊರ ಎತ್ತಿಕೊಂಡು ಹಿತ್ತಲಿಗೆ ಹೋದಳು. ಅತ್ತೆ ಹೇಳಿದ್ದು ಸುಳ್ಳಾಗಿದ್ದರೆ ಅವಳಿಗೆ ಜಗಳವಾಡಲು ಬರುತ್ತಿತ್ತು.

ಆ ವಾರ ಮನೆಯಲ್ಲಿ ಮಾತು ಲವಿನಾಳ ಮೂಲಕವೇ ನಡೆಯಿತು. ಅವಳು ಅಜ್ಜಿಯನ್ನು ಕರೆಯುವುದು ಶಾಮಾಂಯ್ ಎಂದು. ಶಾಮಾಂಯ್‌ಗೆ ಸಾರು ಬೇಕಾ ಕೇಳು ಎಂದು ಜೆನಿ ಹೇಳುವುದು, ನಿನ್ನ ಅಮ್ಮನಿಗೆ ಬಟ್ಟೆ ಎತ್ತಲು ಹೇಳು ಎಂದು ಅಜ್ಜಿ ಹೇಳುವುದು. ಎರಡು ದಿನ ಲವಿನಾ ಆ ಕಡೆಯದನ್ನು ಈ ಕಡೆ ಸಾಗಿಸಿದಳು. ಮೂರನೆಯ ದಿನ, ಇಬ್ಬರೂ ಒಂದೇ ಅಡುಗೆಮನೆಯಲ್ಲಿ ಇದ್ದೀರ, ನಾನೇನು ಅಂಚೆಯವಳಾ ಎಂದು ಹೇಳಿ ತಟ್ಟೆ ಹಿಡಿದು ಜಗಲಿಗೆ ಹೋದಳು. ಕೊನ್ಸು ಎರಡು ಗಂಟೆಯಾದರೆ ಕಲ್ಲು ಬೆಂಚಿನ ಮೇಲೆ ಬರಿಗೈಯಲ್ಲಿ ಕೂರುತ್ತಿದ್ದಳು. ಲಿಬೋರಿಯೊನ ಪಕ್ಕದ ಮನೆಯ ರೊಜಾಲಿನ್ ಎಂಬ ಹೆಂಗಸು ಅವನಿಗೆ ಆಗಾಗ ಅಡುಗೆ ಕಳಿಸುತ್ತಾಳೆ. ತಾನು ಸುಮ್ಮನಾದರೆ ಅವಳಿಗೆ ದಾರಿ ಸಲೀಸಾಗುತ್ತದೆ ಎಂಬ ಯೋಚನೆ ಅವಳನ್ನು ತಿನ್ನುತ್ತಿತ್ತು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಬ್ರೆಡ್ಡಿನವನು ಹಾರ್ನ್ ಬಾರಿಸುತ್ತಾ ಬಂದಾಗ ವಠಾರದ ಹೆಂಗಸರೆಲ್ಲ ಗೇಟಿನ ಹತ್ತಿರವಿದ್ದರು. ಮಿನೀನನ ಹೆಂಡತಿ ಅಪೊಲಿನ್ ಅಲ್ಲಿಗೆ ಬಂದಳು. ಬ್ರೆಡ್ಡು ಕೊಳ್ಳಲು ಬಂದವಳಲ್ಲ. ಜೆನಿಯ ಎದುರು ನಿಂತು, ನಾಲ್ಕು ಮನೆಗೆ ಕೇಳುವಂತೆ ಹೇಳಿದಳು:

“ನಿನ್ನ ಗಂಡ ಹಡಗಲ್ಲಿದ್ದಾನೆ ಅಂತ ನನ್ನ ಗಂಡನ ಬೆನ್ನಿಗೆ ಅಂಟ್ಕೊಂಡು ಹೋಗ್ತಿದ್ದೆಯಾ? ನಾಲ್ಕು ವರ್ಷದಿಂದ ನೋಡ್ತಿದ್ದೀನಿ. ಬೇರೆ ಯಾರನ್ನು ಕರ್ಕೊಂಡು ಹೋಗೋದಿದ್ರೂ ಇವನು ಗಾಡಿ ತೊಳೀತಿರ್ಲಿಲ್ಲ.”

ಜೆನಿ ಬ್ರೆಡ್ಡಿನ ಚೀಲ ಹಿಡಿದು ನಿಂತೇ ಇದ್ದಳು. ಅವಳ ಕಣ್ಣು ಜಗಲಿಯಲ್ಲಿದ್ದ ಅತ್ತೆಯ ಕಡೆ ಹೋಯಿತು. ಕೊನ್ಸು ಎದ್ದು ಒಳಗೆ ಹೋದಳು. ಅಪೊಲಿನ್ ಹೋದ ಮೇಲೆ ಜೆನಿ ಚಹಾ ಮಾಡಿ ಮೂರು ಲೋಟಕ್ಕೆ ಬಗ್ಗಿಸಿದಳು. ಕೊನ್ಸುವಿನ ಲೋಟ ಕೆನೆ ಕಟ್ಟಿಕೊಂಡು ಮಧ್ಯಾಹ್ನದವರೆಗೆ ಹಾಗೇ ಇತ್ತು.

ಭಾನುವಾರ ಪೂಜೆಯಿಂದ ಬಂದು ಮೂವರೂ ಊಟಕ್ಕೆ ಕೂತಿದ್ದಾಗ ಸಾಂತಾನ್ ಕರೆದ. ಲವಿನಾ ಫೋನನ್ನು ಕಪಾಟಿನಿಂದ ತಂದು ನೀರಿನ ತಂಬಿಗೆಗೆ ಒರಗಿಸಿ ಇಟ್ಟಳು. ಅವನು ಸಮವಸ್ತ್ರದಲ್ಲೇ ಇದ್ದ, ಕಣ್ಣ ಕೆಳಗೆ ಕಪ್ಪು ಇಳಿದಿತ್ತು. ತಾಯಿಯ ಮೊಣಕಾಲು ನೋವು ವಿಚಾರಿಸಿ ಹೆಂಡತಿಯ ಕಡೆ ತಿರುಗಿದ.

“ಒಂದು ವಾರದಿಂದ ಯಾರಿಗೂ ಏನೂ ಬರ್ದಿಲ್ಲ ನೀನು. ಬೇರೆ ಫೋನ್ ತಗೊಂಡ್ಯಾ?”

“ಬರ್ದಿಲ್ಲ ಅಂತ ನಿನಗೆ ಯಾರು ಹೇಳಿದ್ರು?” ಎಂದಳು ಜೆನಿ.

ಅವನು ತಡವರಿಸಿದ. ನನಗೆ ಬರೆದಿಲ್ಲ ಎಂದು ಹೇಳಿದೆ ಎಂದ. ಜೆನಿ ಎದ್ದುಹೋಗಿ, ಕಾಮತರು ಅಚ್ಚು ಹಾಕಿಸಿ ಕೊಟ್ಟ ಹಾಳೆಗಳನ್ನು ತಂದು ಒಂದೊಂದಾಗಿ ಅವನ ಮುಖದೆದುರು ಹಿಡಿದಳು. ಸಾಂತಾನ್ ಮೊದಲು ತನಗೇನೂ ಗೊತ್ತಿಲ್ಲವೆಂದ. ಆಮೇಲೆ ಹಡಗಿನ ಗೆಳೆಯನೊಬ್ಬ ಹಾಕಿಕೊಟ್ಟದ್ದೆಂದ. ಆಮೇಲೆ ಅವನಿಗೇ ಸಿಟ್ಟು ಬಂತು.

“ಏಳು ತಿಂಗಳು ನೀರಿನ ಮೇಲೆ ಇರೋನ ತಲೇಲಿ ಏನೇನು ಓಡುತ್ತೆ ಅಂತ ನಿನಗೇನು ಗೊತ್ತು? ಹಿಡಿದ ರೀತಿ ತಪ್ಪು ಅಂತ ಹೇಳ್ತೀಯಲ್ಲ, ಸಿಕ್ಕಿದ್ದು ಸುಳ್ಳಾ? ಆ ಪೈಲಟ್ ಯಾರು, ಅದು ಹೇಳು.”

ಜೆನಿ ತಟ್ಟೆ ನೋಡುತ್ತಾ ಕೂತಳು. ಹೇಳಬಾರದೆಂದು ಅವಳು ನಿರ್ಧರಿಸಿಯೇನೂ ಇರಲಿಲ್ಲ. ಆದರೆ ಬಾಯಿ ತೆರೆದರೆ ಅದು ಚಾಡಿಯಾಗುತ್ತಿತ್ತು. ಕೊನ್ಸು ಕೈತೊಳೆದು ಬಂದಳು. ಫೋನನ್ನು ತನ್ನ ಕಡೆ ತಿರುಗಿಸಿಕೊಂಡಳು.

“ಸಾಂತಾನ್, ಆ ಪೈಲಟ್‌ಗೆ ಬರೀತಿದ್ದವಳು ನಾನು.”

ಅವನು ನಕ್ಕ. ಸೊಸೆಯನ್ನು ಪಾರುಮಾಡಲು ಏನೇನೋ ಹೇಳಬೇಡ ಎಂದ.

“ನಗ್ಬೇಡ. ‘ರೊಜಾಲಿನ್ ಕಳಿಸಿದ ಹಂದಿ ಮಾಂಸ ತಿಂದು ಹೊಟ್ಟೆ ತುಂಬಿರಬೇಕು, ನನ್ನ ಬ್ರೆಡ್ಡು ಯಾಕೆ ಬೇಕು ನಿನಗೆ’ ಅಂತ ಓದಿದ್ದೀಯಾ ಇಲ್ವಾ?”

ಸಾಂತಾನ್ ನಗು ನಿಲ್ಲಿಸಿದ.

“ಅದನ್ನ ನಾನು ಕಳಿಸ್ಲಿಲ್ಲ, ಅಳಿಸಿಬಿಟ್ಟೆ,” ಎಂದಳು ಕೊನ್ಸು. “ಜೆನಿಗೆ ಗೊತ್ತಿಲ್ಲ. ಅವನಿಗೂ ಗೊತ್ತಿಲ್ಲ. ನನಗೆ ಮತ್ತು ಕದ್ದು ಓದಿದವನಿಗೆ ಮಾತ್ರ ಗೊತ್ತು.”

ಲವಿನಾ ಅಜ್ಜಿಯನ್ನೇ ನೋಡುತ್ತಿದ್ದಳು. ಆ ಕಡೆ ಹಡಗಿನಲ್ಲಿ ಯಾರೋ ಪಾತ್ರೆ ಉರುಳಿಸಿದ ಸದ್ದು ಕೇಳಿತು. ಕೊನೆಗೆ ಸಾಂತಾನ್, ಪಾಯ್ ಬದುಕಿದ್ದಿದ್ದರೆ ಎಂದು ಶುರು ಮಾಡಿದ.

“ಪಾಯ್ ಬದುಕಿದ್ದಿದ್ರೆ ನಾನ್ಯಾಕೆ ಬರೀತಿದ್ದೆ?” ಎಂದಳು ಕೊನ್ಸು.

ಕರೆ ತುಂಡಾಯಿತು. ಸಿಗ್ನಲ್ ಹೋಯಿತೋ ಅವನೇ ಇಟ್ಟನೋ ತಿಳಿಯಲಿಲ್ಲ. ಕೊನ್ಸು ಫೋನನ್ನು ಬೋರಲು ಹಾಕಿದಳು. ಜೆನಿ ತಾನೇ ಎದ್ದು ಅತ್ತೆಯ ತಟ್ಟೆಗೆ ಅನ್ನ ಬಡಿಸಿ, ಮೀನಿನ ಮಧ್ಯದ ತುಂಡು ಹಾಕಿದಳು. ಇಬ್ಬರೂ ಊಟ ಮುಗಿಸಿದರು.

ಮರುದಿನ, ಸೋಮವಾರವೇ, ಅವನ ಕರೆ ಬಂತು. ಹಾಗಿದ್ದರೆ ತಪ್ಪು ತಿಳಿದೆ, ಆಯಿತಲ್ಲ, ಮರೆತುಬಿಡು ಎಂದು ಹೇಳಲು ಬಂದವನಂತಿದ್ದ.

“ಇವತ್ತು ಭಾನುವಾರ ಅಲ್ಲ,” ಎಂದಳು ಜೆನಿ. “ಭಾನುವಾರ ಬಿಟ್ರೆ ಮಾತಾಡೋಕೆ ನೆಟ್ ಸಿಗಲ್ಲ ಅಂದಿದ್ದೆ. ದಿನಾ ನನ್ನ ಬೆರಳು ಓದೋಕೆ ಸಿಗ್ತಿತ್ತು. ನನ್ನ ಜೊತೆ ಮಾತಾಡೋಕೆ ಸಿಗ್ಲಿಲ್ಲ. ನಾಲ್ಕು ತಿಂಗಳು, ಸಾಂತಾನ್.”

 ಅವನು ಇನ್ನು ಮಾಡಬೇಕಾದದ್ದನ್ನೂ ಹೇಳಿದಳು. ಮಿನೀನನಿಗೂ ಅಪೊಲಿನ್‌ಗೂ ಅವನು ಕರೆ ಮಾಡಿ ಕ್ಷಮೆ ಕೇಳಬೇಕು. ಆ ಆ್ಯಪ್ ಮಾರಿದವರಲ್ಲಿ ಜೆನಿಯ ಫೋನಿನಿಂದ ಹೋದದ್ದನ್ನೆಲ್ಲ ಅಳಿಸಿಸಬೇಕು. ಹಾಳೆಗಳು ತನ್ನ ಹತ್ತಿರವೇ ಇರುತ್ತವೆ; ಇನ್ನೊಮ್ಮೆ ಇಂಥದ್ದು ಕಂಡರೆ ಅವನ್ನು ಅವನಿಗೆ ತೋರಿಸುವುದಿಲ್ಲ, ನೇರ ಪೊಲೀಸರಿಗೆ ಕೊಡುತ್ತಾಳೆ. ಅವನು ಪ್ರತಿಯೊಂದಕ್ಕೂ ಹೂಂ ಎಂದ. ಮಿನೀನನಿಗೆ ಅಂದೇ ಕರೆ ಮಾಡಿದ. ಅಪೊಲಿನ್ ಮಾತ್ರ ಅವನ ಕ್ಷಮೆಯನ್ನು ಕೇಳಿಸಿಕೊಂಡು, ನೀನು ಕೇಳಬೇಕಾದದ್ದು ನನ್ನ ಹತ್ತಿರ ಅಲ್ಲ ಎಂದು ಇಟ್ಟಳಂತೆ. ಆದರೂ ಅವಳು ಜೆನಿಯ ಜೊತೆ ಮಾತಾಡಲು ಮಳೆಗಾಲ ಬರಬೇಕಾಯಿತು.

ಕಾಮತರು ಫೋನನ್ನು ಪೂರ್ತಿ ಅಳಿಸಿ ಹೊಸದರಂತೆ ಮಾಡಿಕೊಟ್ಟರು. ಲಿಬೋರಿಯೊ ಬರೆದದ್ದೆಲ್ಲ ಅದರ ಜೊತೆಗೇ ಹೋಯಿತು. ಕೊನ್ಸು ಒಂದು ದಿನ ಪೂರ್ತಿ ಮನೆಯಲ್ಲಿ ಯಾರೋ ಸತ್ತಂತೆ ಕೂತಿದ್ದಳು. ಲವಿನಾ ತಾಯಿಯ ಹಳೆಯ ಫೋನನ್ನು ಸರಿಮಾಡಿ ಅಜ್ಜಿಗೆ ಕೊಟ್ಟಳು. ಓದಿ ಹೇಳುವ ಕೆಲಸ ಜೆನಿಗೆ ತಪ್ಪಿತು. ಕನ್ನಡಕ ಸರಿಯಾಗಿ ಹಾಕಿಕೊಂಡರೆ ಕೊನ್ಸುವಿಗೆ ಎಲ್ಲ ಚೆನ್ನಾಗಿಯೇ ಕಾಣುತ್ತಿತ್ತು. ಜೂನಿನಿಂದ ಅವಳು ಗುರುವಾರಗಳಲ್ಲಿ ನೀಲಿ ಉಡುಪು ತೊಟ್ಟು ಅಸೊಳ್ಣೆಗೆ ಹೋಗತೊಡಗಿದಳು, ಹೋಗುವಾಗ ಹೇಳಿಯೇ ಹೋಗುತ್ತಿದ್ದಳು. ಸಾಂತಾನ್ ತಾಯಿಯ ಜೊತೆ ತಿಂಗಳೊಪ್ಪತ್ತು ಸರಿಯಾಗಿ ಮಾತಾಡಲಿಲ್ಲ. ಆ ಮನುಷ್ಯ ಮನೆಗೆ ಬರುತ್ತಾನಾ, ಪಾಯ್ ಕುರ್ಚಿಯಲ್ಲಿ ಕೂರುತ್ತಾನಾ ಎಂದು ಮಗಳ ಹತ್ತಿರ ವಿಚಾರಿಸಿದ. ಲವಿನಾ, ನೀನೇ ಶಾಮಾಂಯ್‌ನ ಕೇಳು ಎಂದಳು.

ಆಗಸ್ಟ್ ಮೊದಲ ವಾರ ಅವನು ಮನೆಗೆ ಬಂದ. ಎರಡು ರಾತ್ರಿ ಹಜಾರದಲ್ಲಿ ಮಲಗಿದ; ಜೆನಿ ಹಾಸಿಗೆಯನ್ನು ಅಲ್ಲೇ ಹಾಸಿಟ್ಟಿದ್ದಳು. ಮೂರನೆಯ ಬೆಳಿಗ್ಗೆ ಅವಳು ಕ್ಲಿನಿಕ್ಕಿಗೆ ಹೊರಡುವ ಮುಂಚೆ ಚಹಾ ಕುಡಿಯುತ್ತಿದ್ದಾಗ ಅವನು ಬಂದು ತನ್ನ ಫೋನನ್ನು ಅವಳ ಲೋಟದ ಪಕ್ಕದಲ್ಲಿಟ್ಟ.

“ಬೀಗ ತೆಗೆದಿದ್ದೀನಿ. ನೋಡು.”

“ಏನನ್ನ?”

“ಏನಾದ್ರೂ. ಯಾರಿಗೆ ಬರ್ದಿದ್ದೀನಿ, ನನಗೆ ಯಾರು ಬರ್ದಿದ್ದಾರೆ. ಎಷ್ಟು ಹೊತ್ತು ಬೇಕಾದ್ರೂ ನೋಡು.”

ಬೇಡ ಎಂದಳು ಜೆನಿ. ಬ್ರೆಡ್ಡಿಗೆ ಬೆಣ್ಣೆ ಸವರುವುದನ್ನು ಮುಂದುವರಿಸಿದಳು. ಅವನು ನಿಂತೇ ಇದ್ದ. ಅವನ ಮುಖದಲ್ಲಿದ್ದದ್ದು ನಾಚಿಕೆಯಲ್ಲ, ನೋವು.

“ಒಂದ್ಸಲನೂ ನೋಡ್ಬೇಕು ಅನ್ಸಲ್ವಾ? ಏಳು ತಿಂಗಳು ಹೊರಗಿದ್ದೆ. ನನ್ನ ವಿಷಯದಲ್ಲಿ ನಿನಗೆ ಹೊಟ್ಟೆಕಿಚ್ಚು ಅನ್ನೋದೇ ಇಲ್ವಾ?”

ಜೆನಿ ಚಾಕು ಕೆಳಗಿಟ್ಟಳು. ಸುಳ್ಳು ಹೇಳುವ ಮನಸ್ಸಾಗಲಿಲ್ಲ.

“ಹೊಟ್ಟೆಕಿಚ್ಚು ಪಟ್ಟಿದ್ದೀನಿ. ತುಂಬಾ ಪಟ್ಟಿದ್ದೀನಿ,” ಎಂದಳು. “ನಿನ್ನ ತಾಯಿ ಮೇಲೆ.”

ಸಾಂತಾನ್ ಹಿತ್ತಿಲ ಬಾಗಿಲ ಕಡೆ ನೋಡಿದ. ಕೊನ್ಸು ಅಲ್ಲಿ ಕೊಡೆ ಹಿಡಿದುಕೊಂಡು ಕೋಳಿಗಳಿಗೆ ಅಕ್ಕಿ ಚೆಲ್ಲುತ್ತಿದ್ದಳು.  ಅವನು ಫೋನು ಎತ್ತಿ ಜೇಬಿಗೆ ಹಾಕಿಕೊಂಡ. ಜೆನಿ ಚೀಲ ಹೆಗಲಿಗೇರಿಸಿದಾಗ, ಬಸ್ ನಿಲ್ದಾಣದವರೆಗೆ ಬಿಟ್ಟು ಬರಲೇ ಎಂದ. ನಡೆದು ಹೋಗುತ್ತೇನೆ, ಬೇಕಿದ್ದರೆ ನೀನೂ ನಡೆದು ಬಾ ಎಂದಳು.

ಇಪ್ಪತ್ತು ನಿಮಿಷದ ದಾರಿ. ಅರ್ಧ ದಾರಿ ಕಳೆಯಿತು. ಓದಿ ಓದಿ ಬಾಯಿಪಾಠವಾಗಿದ್ದ ಮಾತುಗಳು ಸಾಂತಾನ್‌ನ ತಲೆಯಲ್ಲಿ ಬೇಕಾದಷ್ಟಿದ್ದವು. ಅವುಗಳಲ್ಲಿ ಒಂದನ್ನೂ ಎತ್ತದೆ, ಕ್ಲಿನಿಕ್ಕಿನಲ್ಲಿ ನಿನ್ನ ಕೆಲಸ ಏನೇನು ಎಂದು ಅವನು ಕೇಳಿದ. ಮದುವೆಯಾದ ಹದಿನೇಳು ವರ್ಷಗಳಲ್ಲಿ ಅದನ್ನು ಕೇಳಿರಲಿಲ್ಲ.

ಜೆನಿ ಅವನ ಮುಖ ನೋಡಿದಳು. ಸುಮ್ಮನೆ ಕೇಳುತ್ತಿದ್ದಾನೋ ಏನೋ ಎಂದು ನಾಲ್ಕು ಹೆಜ್ಜೆ ಕಾದಳು. ಅವನು ಕಾಯುತ್ತಿದ್ದ.

“ಹೋದ ತಕ್ಷಣ ಮೊದಲು ಆ ದೊಡ್ಡ ಕುರ್ಚಿ ಒರೆಸ್ಬೇಕು,” ಎಂದು ಶುರು ಮಾಡಿದಳು.